ಮಾಲೆ ಹಾಕುವ ಮುನ್ನ ಕುಡಿತ ಬಿಡುವುದು ಹೇಗೆ?

ಕಾರ್ತಿಕ ಬಂತೆಂದರೆ ಅಯ್ಯಪ್ಪನ ಮಾಲೆ. 41 ದಿನ ಹನಿಯನ್ನೂ ಮುಟ್ಟುವುದಿಲ್ಲವೆಂದು ಹೊರಟ ನಿತ್ಯದ ಕುಡುಕರಲ್ಲಿ ಕೆಲವರು ಮೂರನೆಯ ದಿನವೇ ಗೋಡೆಯ ಮೇಲೆ ಹುಳು ಹರಿಯುತ್ತಿದೆ ಎಂದು ಚೀರುತ್ತಾರೆ. ಮನೆಯವರು ಗಾಳಿ ಸೋಕಿತೆಂದು ತಾಯತ ಕಟ್ಟಿಸಲು ಓಡುತ್ತಾರೆ. ನಮ್ಮ ಬೀದಿಯಲ್ಲೇ ಎರಡು ಸಲ ನೋಡಿದ್ದೇನೆ.

ಮೊದಲು ಲೆಕ್ಕ. ದಿನಕ್ಕೆಷ್ಟು ಕ್ವಾರ್ಟರ್, ಬೆಳಿಗ್ಗೆ ಕೈ ನಡುಗುತ್ತದೆಯೇ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ ಎಂದು ಚೀಟಿಯಲ್ಲಿ ಬರೆಯಿರಿ. ಕುಡಿಯುವವರು ಅರ್ಧ ಹೇಳುತ್ತಾರೆ. ಅವರ ಹೆಂಡತಿಯನ್ನು ಕೇಳಿ.

ಎರಡನೆಯದಾಗಿ, ಮಾಲೆಗೆ ಎರಡು ವಾರ ಮೊದಲೇ ಆ ಚೀಟಿ ಹಿಡಿದು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ಹೋಗಿ. ದೂರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಕರೆ ಮಾಡಿ.

ಎಲ್ಲರೂ ಎಡವುವುದು ಮೂರನೆಯ ಹಂತದಲ್ಲಿ, ಬಿಟ್ಟ ಮೊದಲ ಐದು ದಿನಗಳಲ್ಲಿ. ಮದ್ಯ ಮಿದುಳನ್ನು ಮಂಕಾಗಿಸುತ್ತದೆ. ನಿತ್ಯ ಕುಡಿಯುವವರ ಮಿದುಳು ಅದಕ್ಕೆದುರಾಗಿ ಜಗ್ಗುವುದನ್ನು ರೂಢಿಸಿಕೊಂಡಿರುತ್ತದೆ. ಹಗ್ಗಜಗ್ಗಾಟದಲ್ಲಿ ಆಚೆಯವರು ಫಕ್ಕನೆ ಕೈಬಿಟ್ಟರೆ ಈಚೆಯವರು ಅಂಗಾತ ಬೀಳುವುದಿಲ್ಲವೇ, ಹಾಗೆ. ಕೊನೆಯ ಗುಟುಕಿನಿಂದ 6ರಿಂದ 12 ಗಂಟೆಯೊಳಗೆ ನಡುಕ, ಬೆವರು, ವಾಕರಿಕೆ. 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಆಮೇಲೆ, ಎರಡರಿಂದ ನಾಲ್ಕನೆಯ ದಿನದ ನಡುವೆ, ಜ್ವರ, ಇಲ್ಲದ್ದು ಕಾಣುವುದು, ತಾನೆಲ್ಲಿದ್ದೇನೆಂದೇ ತಿಳಿಯದಿರುವುದು. ಇದು ಪ್ರಾಣ ತೆಗೆಯಬಲ್ಲದು. ಕೋಣೆಗೆ ಬೀಗ ಹಾಕಿ ಕೂರಿಸಬೇಡಿ, ಆಸ್ಪತ್ರೆಗೆ ಒಯ್ಯಿರಿ. ಹಿಂದೆ ಫಿಟ್ಸ್ ಬಂದಿದ್ದವರು ಮೊದಲ ದಿನವೇ ದಾಖಲಾಗಲಿ. ವೈದ್ಯರು ಕೊಡುವ ನಿದ್ದೆ ತರಿಸುವ ಮಾತ್ರೆಯನ್ನು ದಿನದಿಂದ ದಿನಕ್ಕೆ ಇಳಿಸುತ್ತಾ ನಿಲ್ಲಿಸಬೇಕು. ಡಬ್ಬಿ ಮನೆಯವರ ಕೈಯಲ್ಲಿರಲಿ. ಸುಸ್ತೆಂದು ಓಣಿಯ ಕ್ಲಿನಿಕ್ಕಿಗೆ ಹೋಗಿ ಗ್ಲೂಕೋಸ್ ಬಾಟಲಿ ಏರಿಸಿಕೊಳ್ಳುವ ಚಾಳಿ ಬೇರೆ ಇದೆ. ಕುಡಿಯುವವರ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬತ್ತಿರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೇ ಪೆಟ್ಟಾಗಬಹುದು. ‘ಬಿ1 ಕೊಟ್ಟಿರಾ?’ ಎಂದು ಸಂಕೋಚವಿಲ್ಲದೆ ಕೇಳಿ.

ಇನ್ನು ‘ಗುಟ್ಟಾಗಿ ಸಾರಿಗೆ ಬೆರೆಸಿ, ಕುಡಿತ ಬಿಡಿಸಿ’ ಎಂಬ ಜಾಹೀರಾತಿನ ಪುಡಿಗಳು. ಒಳಗೇನಿದೆಯೆಂದು ಕೊಳ್ಳುವವರಿಗೆ ಗೊತ್ತಿಲ್ಲ. ಡೈಸಲ್ಫಿರಾಮ್, ಅಂದರೆ ಕುಡಿದರೆ ಮೈಗೆ ಒಗ್ಗದಂತೆ ಮಾಡುವ ಔಷಧ, ಇದ್ದರಂತೂ, ತಿಳಿಯದೆ ಮೇಲೆ ಕುಡಿದವರ ರಕ್ತದೊತ್ತಡ ಕುಸಿದು ಹೃದಯವೇ ನಿಲ್ಲಬಹುದು. ಚರಂಡಿಗೆ ಸುರಿಯಿರಿ.

ನಾಲ್ಕನೆಯದು ಸುಲಭ: ನಡುಕ ನಿಂತು ಊಟ ಸೇರತೊಡಗಿದ ಮೇಲೆ ಮಾಲೆ ಹಾಕಿಸಿ. ಆ ಐದು ದಿನ ಒಪ್ಪತ್ತು, ಉಪವಾಸ ಬೇಡ, ಗುರುಸ್ವಾಮಿ ಗೊಣಗಿದರೂ ಸರಿ.

ಬೆಟ್ಟ ಇಳಿದು ಮಾಲೆ ತೆಗೆದ ಸಂಜೆ ‘ಇವತ್ತೊಂದು ದಿನ’ ಎನ್ನುವ ಗೆಳೆಯರಿರುತ್ತಾರೆ. ದೇಹ ಅಷ್ಟರಲ್ಲಿ ಹಳೆಯ ಅಳತೆಯನ್ನು ತಾಳುವ ಶಕ್ತಿ ಕಳೆದುಕೊಂಡಿರುತ್ತದೆ. ಅಂದು ಅವರನ್ನು ಒಬ್ಬರೇ ಬಸ್ ನಿಲ್ದಾಣದಿಂದ ಬರಲು ಬಿಡಬೇಡಿ; ನೀವೇ ಹೋಗಿ ಕರೆತನ್ನಿ.