ಕಿಟ್ ಇಲ್ದೆ ಪಿಆರ್‌ಪಿ, ಮೊದ್ಲು ನನ್ನ ತಲೆ ಮೇಲೇ: ನನ್ನ ಅನುಭವ

ಪಿಆರ್‌ಪಿ ಅಂದ್ರೆ ಪೇಷಂಟ್‌ದೇ ರಕ್ತ ತೆಗೆದು, ಸೆಂಟ್ರಿಫ್ಯೂಜ್ ಅನ್ನೋ ಮಷಿನ್‌ನಲ್ಲಿ ಜೋರಾಗಿ ತಿರುಗ್ಸಿ, ಪ್ಲೇಟ್ಲೆಟ್ ಜಾಸ್ತಿ ಇರೋ ಭಾಗ ಮಾತ್ರ ಎತ್ತಿ, ಕೂದಲಿಗೆ ಅಂತ ತಲೆಗೆ ಚುಚ್ಚೋದು. ಅದನ್ನ ತೆಗಿಯೋಕೆ ರೆಡಿಮೇಡ್ ಕಿಟ್ ಮಾರ್ತಾರೆ. ಕಿಟ್ ಇಲ್ದೆ ಸರಿಯಾದ ಪಿಆರ್‌ಪಿ ತೆಗಿಯೋಕೆ ಆಗಲ್ಲ, ಮಾಮೂಲಿ ಲ್ಯಾಬ್ ಸೆಂಟ್ರಿಫ್ಯೂಜ್‌ನಲ್ಲಿ ಬರೋದು ಬರೀ ಹಳದಿ ನೀರು ಅಂತ ಹೇಳ್ತಿದ್ದವ್ರೆಲ್ಲ ಈಗ ನಮ್ಮ ಪ್ಲೇಟ್ಲೆಟ್ ಕೌಂಟ್ ನೋಡಿ ಸುಮ್ನಾಗಿದಾರೆ, ಅದಕ್ಕೇ ಬರೀತಿದೀನಿ. ಕಿಟ್ ಮಾರೋ ರೆಪ್ ಅಂತೂ "ಅಣ್ಣಾ, ಇದನ್ನ ಬೇರೆ ಕ್ಲಿನಿಕ್‌ನೋರ್ಗೆ ಹೇಳ್ಬೇಡಿ ಮಾರಾಯ್ರೆ" ಅಂದು ಹೋದ.

ನಾನು ದಾವಣಗೆರೆಲಿ ಒಂದು ಸ್ಕಿನ್ ಕ್ಲಿನಿಕ್‌ನ ಲ್ಯಾಬ್ ಟೆಕ್ನಿಷಿಯನ್. ರಕ್ತ ಎಳಿಯೋದು, ತಿರುಗ್ಸೋದು, ಪ್ಲೇಟ್ಲೆಟ್ ಎಣಿಸೋದು ನನ್ನ ಕೆಲಸ. ತಲೆಗೆ ಚುಚ್ಚೋದು ಡಾಕ್ಟ್ರು ಕೆಲಸ, ಅಲ್ಲಿ ನಾನು ಕೈ ಹಾಕಲ್ಲ, ನೀವೂ ಹಾಕ್ಬೇಡಿ. ಪಾರ್ಲರ್‌ನೋರು "ನೀವೇ ಬಂದು ಮಾಡ್ಕೊಡಿ, ಅರ್ಧ ದುಡ್ಡು ನಿಮಗೆ" ಅಂತ ಫೋನ್ ಮಾಡ್ತಾರೆ, ಕಟ್ ಮಾಡ್ತೀನಿ.

ಪ್ಲೇಟ್ಲೆಟ್ ಅಂದ್ರೆ ರಕ್ತ ಹೆಪ್ಪುಗಟ್ಟಿಸೋ ಚಿಕ್ಕ ಕಣ, ಅದ್ರೊಳಗಿರೋ ಗ್ರೋತ್ ಫ್ಯಾಕ್ಟರ್ ಅನ್ನೋ ಪ್ರೋಟೀನ್ ಕೂದಲ ಬೇರಿಗೆ ಚುರುಕು ಕೊಡತ್ತೆ ಅನ್ನೋದೇ ಪಿಆರ್‌ಪಿ ಹಿಂದಿನ ಲೆಕ್ಕ. ಇನ್ನು ನೇರ ವಿಷಯಕ್ಕೆ ಬರ್ತೀನಿ.

ಶುರುವಿನಲ್ಲಿ ನಮ್ಮಲ್ಲೂ ಕಿಟ್ಟೇ. ಒಂದು ಕಿಟ್ ಸುಮಾರು ಎರಡು ಸಾವಿರ ಬೀಳ್ತಿತ್ತು, ಪೇಷಂಟ್‌ಗೆ ಸೆಷನ್‌ಗೆ ಆರು ಸಾವಿರ. ಬೆಂಗಳೂರಲ್ಲಿ ಹತ್ತು ಹನ್ನೆರಡು ಸಾವಿರ ತಗೊಳ್ಳೋರೂ ಇದಾರೆ. ನಮ್ಮೂರಲ್ಲಿ ಆರು ಸಾವಿರ ಅಂದ್ರೆ ಒಂದ್ ಸಲ ಬಂದವ್ರು ಎರಡನೇ ಸಲ ಬರ್ತಿರ್ಲಿಲ್ಲ, ಮೂರು ಸೆಷನ್ ಆದ್ರೂ ಆಗ್ದೆ ಪಿಆರ್‌ಪಿಲಿ ಏನೂ ಗೊತ್ತಾಗಲ್ಲ, ಅರ್ಧಕ್ಕೆ ಬಿಟ್ಟವ್ರು ಊರೆಲ್ಲ "ದುಡ್ಡು ದಂಡ" ಅಂತ ಹೇಳ್ಕೊಂಡು ಬರೋರು. ಒಂದಿನ ಸುಮ್ನೆ ಕುತೂಹಲಕ್ಕೆ ಕಿಟ್‌ನಲ್ಲಿ ತೆಗೆದ ಪಿಆರ್‌ಪಿಲಿ ಒಂದು ಹನಿ ಉಳಿಸ್ಕೊಂಡು ಕೌಂಟ್ ಹಾಕ್ದೆ. ಪೇಷಂಟ್ ರಕ್ತದಲ್ಲಿ ಒಂದು ಮೈಕ್ರೋಲೀಟರ್‌ಗೆ 2.3 ಲಕ್ಷ ಪ್ಲೇಟ್ಲೆಟ್, ಪಿಆರ್‌ಪಿಲಿ ನಾಲ್ಕು ಲಕ್ಷದ ಆಸುಪಾಸು. ಎರಡು ಪಟ್ಟೂ ಇಲ್ಲ! ಡಬ್ಬದ ಮೇಲೆ ಮಾತ್ರ ಏನೇನೋ ಬರ್ದಿತ್ತು. ಇನ್ನೊಂದು ಬ್ರ್ಯಾಂಡ್ ತರ್ಸಿದ್ವಿ, ಅದು ಸ್ವಲ್ಪ ವಾಸಿ, ಆದ್ರೆ ಬೆಲೆ ಇನ್ನೂ ಜಾಸ್ತಿ. ಆವಾಗ್ಲೇ ಡಾಕ್ಟ್ರಿಗೆ ಹೇಳ್ದೆ, ಸಾರ್ ಇದನ್ನ ನಾನು ಕೈಯಲ್ಲೇ ಡಬಲ್ ಸ್ಪಿನ್ ಮಾಡಿ (ಎರಡು ಸಲ ತಿರುಗ್ಸಿ) ತೆಗೀತೀನಿ ಅಂತ. ಅವ್ರು ನಕ್ರು. "ಕೌಂಟ್ ತೋರ್ಸು, ಆಮೇಲೆ ನೋಡಾಣ" ಅಂದ್ರು.

ತೋರ್ಸೋಕೆ ಹೆಚ್ಚುಕಮ್ಮಿ ಒಂದು ವರ್ಷ ಹಿಡೀತು. ಅಷ್ಟೂ ದಿನ ನಂದು, ಕಾಂಪೌಂಡರ್‌ದು, ರಿಸೆಪ್ಷನ್ ಹುಡುಗನ್ದು ರಕ್ತಾನೇ. ಪೇಷಂಟ್‌ಗೆ ಒಂದು ಹನೀನೂ ಕೊಡ್ಲಿಲ್ಲ.

ಮೊದ್ಲು ಕೆಟ್ಟಿದ್ದೇ ಆರ್‌ಪಿಎಂ, ಅಂದ್ರೆ ಮಷಿನ್ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದು. ಯಾರೋ ಹೇಳಿದ್ರು ಅಂತ ಮೊದಲ ಸ್ಪಿನ್ನೇ 3000ಕ್ಕೆ ಇಟ್ಟೆ. ಮೇಲೆ ಕನ್ನಡಿ ಹಂಗೆ ತಿಳಿ ಪ್ಲಾಸ್ಮಾ (ರಕ್ತದ ಹಳದಿ ನೀರು) ಬಂತು, ನೋಡೋಕೆ ಚೆಂದ, ಕೌಂಟ್ ಹಾಕಿದ್ರೆ ರಕ್ತದಲ್ಲಿ ಇರೋದಕ್ಕಿಂತ ಕಮ್ಮಿ! ಪ್ಲೇಟ್ಲೆಟ್ ಎಲ್ಲಾ ಬಫಿ ಕೋಟ್ (ಕೆಂಪು ರಕ್ತಕಣದ ಮೇಲೆ ಕೂರೋ ತೆಳು ಬಿಳಿ ಪದರ) ಜೊತೆ ಕೆಳಗಿಳಿದು ಕೂತಿತ್ತು. ಮೊದಲ ಸ್ಪಿನ್ ಮೆತ್ತಗಿರ್ಬೇಕು, ಪ್ಲಾಸ್ಮಾ ಸ್ವಲ್ಪ ಮಬ್ಬಾಗಿ ಕಾಣ್ಬೇಕು. ಇನ್ನೊಂದು ಏನಂದ್ರೆ ಆರ್‌ಪಿಎಂ ಅನ್ನೋದೇ ಮೋಸದ ನಂಬರ್. 1500 ಆರ್‌ಪಿಎಂ 15 ಸೆಂಟಿಮೀಟರ್ ರೇಡಿಯಸ್ ಇರೋ ಮಷಿನ್‌ನಲ್ಲಿ ಸುಮಾರು 375 ಜಿ (ಭೂಮಿ ಎಳೆತದ 375 ಪಟ್ಟು ಬಲ) ಆಗತ್ತೆ, 9 ಸೆಂಟಿಮೀಟರ್ ಇರೋ ಚಿಕ್ಕ ಮಷಿನ್‌ನಲ್ಲಿ 225 ಜಿ ಅಷ್ಟೇ. ಹಂಗಾಗಿ ಯಾರ್ದೋ ಆರ್‌ಪಿಎಂ ಕಾಪಿ ಹೊಡೆದ್ರೆ ಉಪಯೋಗ ಇಲ್ಲ. ಸ್ಕೇಲ್ ತಗೊಂಡು ರೋಟರ್ ಅಂದ್ರೆ ಮಷಿನ್‌ನ ತಿರುಗೋ ಭಾಗದ ಮಧ್ಯದಿಂದ ಟ್ಯೂಬ್ ತುದಿವರೆಗೂ ಅಳೀರಿ (ತಿರುಗೋವಾಗ ಟ್ಯೂಬ್ ಬಕೆಟ್ ಅಡ್ಡಕ್ಕೆ ಏಳೋ ಸ್ವಿಂಗ್ ಔಟ್ ಮಷಿನ್ ಆದ್ರೆ ಬಕೆಟ್ ಅಡ್ಡ ಎತ್ತಿ ಹಿಡ್ಕೊಂಡು), ಆಮೇಲೆ ಜಿ ಲೆಕ್ಕ ಹಾಕಿ. ಮೊದಲನೇದು 150ರಿಂದ 250 ಜಿ ಒಳಗೆ, ಎರಡನೇದು ಅದಕ್ಕೆ ನಾಲ್ಕೈದು ಪಟ್ಟು, ತಲಾ ಹತ್ತು ನಿಮಿಷ, ಇಲ್ಲಿಂದ ಶುರು ಮಾಡಿ. ನಾನು ಕೊನೆಗೆ ನಿಂತ ನಂಬರ್ ಹೇಳಲ್ಲ, ವರ್ಷ ತಿಂದಿದೆ ಅದು.

ಆಮೇಲೆ ಬ್ರೇಕ್. ಬ್ರೇಕ್ ಹಾಕಿ ನಿಲ್ಸಿದ್ರೆ ಪದರ ಕಲಸಿ ಹೋಗತ್ತೆ, ಅದಾಗೇ ನಿಲ್ಲೋವರೆಗೂ ಕಾಯ್ಬೇಕು, ಮುಚ್ಚಳ ತೆಗಿಯೋ ಅವಸರ ಬೇಡ. ಕರೆಂಟ್ ಇನ್ನೊಂದು ಕಾಟ. ಹತ್ತು ನಿಮಿಷದ ಸ್ಪಿನ್‌ನಲ್ಲಿ ಏಳನೇ ನಿಮಿಷಕ್ಕೆ ಕರೆಂಟ್ ಹೋದ್ರೆ ಮತ್ತೆ ಮೊದ್ಲಿಂದ ತಿರುಗ್ಸಿದ್ರೂ ಕೌಂಟ್ ಬೀಳತ್ತೆ. ಮಷಿನ್‌ಗೆ ಅಂತಾನೇ ಒಂದು ಯುಪಿಎಸ್ ಹಾಕಿಸ್ದೆ, ಎಂಟು ಸಾವಿರ ಚಿಲ್ಲರೆ.

ಏಪ್ರಿಲ್‌ನಲ್ಲಿ ಇದ್ದಕ್ಕಿದ್ದಂಗೆ ಕೌಂಟ್ ಅರ್ಧಕ್ಕೆ ಇಳೀತು, ಏನೇ ಮಾಡಿದ್ರೂ ಗಂಟು ಗಂಟು. ನಮ್ಮೂರ ಬೇಸಿಗೆ ಗೊತ್ತಲ್ಲ, ಲ್ಯಾಬ್‌ಗೆ ಎಸಿ ಇರ್ಲಿಲ್ಲ, ಮಷಿನ್ ಒಳಗೆ ಇನ್ನೂ ಬಿಸಿ. ಬ್ಲಡ್ ಬ್ಯಾಂಕ್‌ನಲ್ಲಿ ಪ್ಲೇಟ್ಲೆಟ್‌ನ 20ರಿಂದ 24 ಡಿಗ್ರಿಲಿ ಇಡ್ತಾರೆ, ನಾವು ನೋಡಿದ್ರೆ 36ರಲ್ಲಿ ತಿರುಗಿಸ್ತಿದ್ವಿ. ಹಂಗಂತ ಫ್ರಿಜ್‌ಗೆ ಇಡೋ ಬುದ್ಧಿವಂತಿಕೆ ಮಾಡ್ಬೇಡಿ, ತಣ್ಣಗಾದ್ರೂ ಪ್ಲೇಟ್ಲೆಟ್ ಕೆಡತ್ತೆ. ಡಾಕ್ಟ್ರ ರೂಮಿನ ಹಳೇ ಎಸಿ ಲ್ಯಾಬ್‌ಗೆ ಬಂತು, ಅವ್ರು ಹೊಸದು ಹಾಕ್ಸಿಕೊಂಡ್ರು, ಆ ಖರ್ಚನ್ನೂ ನನ್ನ ಪ್ರಯೋಗದ ಲೆಕ್ಕಕ್ಕೇ ಬರ್ದ್ರು!

ಟ್ಯೂಬ್ ವಿಷಯ ಗಟ್ಟಿಯಾಗಿ ಹೇಳ್ತೀನಿ. ಸಿಬಿಸಿಗೆ (ರಕ್ತಕಣ ಎಣಿಸೋ ಟೆಸ್ಟ್) ತಗೊಳ್ಳೋ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್‌ನಲ್ಲಿ ಪಿಆರ್‌ಪಿ ಮಾಡೋರಿದಾರೆ, ಬೇಡ. ಅದ್ರಲ್ಲಿ ಪ್ಲೇಟ್ಲೆಟ್ ಊದ್ಕೊಳ್ಳತ್ತೆ, ಮೇಲಾಗಿ ಆ ಟ್ಯೂಬ್ ಟೆಸ್ಟ್‌ಗೆ ಅಂತ ಮಾಡಿರೋದು, ವಾಪಸ್ ಮೈಗೆ ಚುಚ್ಚೋಕಲ್ಲ. ಎಸಿಡಿ-ಎ (ರಕ್ತ ಹೆಪ್ಪುಗಟ್ಟದಂಗೆ ತಡಿಯೋ ದ್ರಾವಣ) ತಗೊಳ್ಳಿ, 8.5 ಎಂಎಲ್ ರಕ್ತಕ್ಕೆ 1.5, ಸ್ಟೆರೈಲ್ 15 ಎಂಎಲ್ ಕೋನಿಕಲ್ ಟ್ಯೂಬ್. ಮುಚ್ಚಳ ತೆಗೆದು ಮಾಡೋ ಕೆಲಸ ಆದ್ರಿಂದ ಲ್ಯಾಮಿನಾರ್ ಫ್ಲೋ (ಸೋಸಿದ ಗಾಳಿ ಬಿಡೋ ಕ್ಯಾಬಿನೆಟ್) ಇಲ್ದೆ ಮಾಡ್ಲೇಬೇಡಿ. ನಾವು ಬಾಗಿಲು ಹಾಕಿದ ಒಂದು ಲ್ಯಾಬ್‌ನಿಂದ ಸೆಕೆಂಡ್ ಹ್ಯಾಂಡ್ ತಂದ್ವಿ, ಇಪ್ಪತ್ತೆಂಟು ಸಾವಿರ ಅನ್ಸುತ್ತೆ, ಫಿಲ್ಟರ್ ಬೇರೆ. ಇಷ್ಟು ಮಾಡೋಕೆ ಆಗಲ್ಲ ಅನ್ನೋರು ಕಿಟ್ಟೇ ಇಟ್ಕೊಳ್ಳಿ, ಅದ್ರಲ್ಲಿ ನಾಚಿಕೆ ಏನಿಲ್ಲ.

ರಕ್ತ ಎಳಿಯೋವಾಗ್ಲೇ ಅರ್ಧ ಆಟ ಮುಗಿದಿರತ್ತೆ. 21 ಗೇಜ್ ಬಟರ್‌ಫ್ಲೈ ಸೂಜಿ, ನಿಧಾನಕ್ಕೆ, ಒಂದೇ ಸಲಕ್ಕೆ ಸಿಗ್ಬೇಕು. ನರ ಹುಡುಕ್ತಾ ಸೂಜಿ ಒಳಗೇ ಆಡಿಸಿದ್ರೆ ಅಲ್ಲೇ ಪ್ಲೇಟ್ಲೆಟ್ ಎಚ್ಚರಾಗಿ ಗಂಟು ಕಟ್ಟತ್ತೆ. ನಾನು ಎರಡನೇ ಸಲ ಚುಚ್ಬೇಕಾಗಿ ಬಂದ್ರೆ ಆ ರಕ್ತ ಚೆಲ್ಲಿ ಇನ್ನೊಂದು ಕೈಲಿ ತಗೋತೀನಿ.

ಈಗ ನಮ್ಮ ಲೆಕ್ಕ ಹೀಗೆ. 20 ಎಂಎಲ್ ರಕ್ತ, ಮೊದಲ ಸ್ಪಿನ್ ಆದ್ಮೇಲೆ ಹತ್ತು ಎಂಎಲ್ ಆಸುಪಾಸು ಪ್ಲಾಸ್ಮಾ, ಎರಡನೇ ಸ್ಪಿನ್ ಆದ್ಮೇಲೆ ಮೇಲಿನ ಮೂರನೇ ಎರಡು ಭಾಗ ಪಿಪಿಪಿ (ಪ್ಲೇಟ್ಲೆಟ್ ಕಮ್ಮಿ ಇರೋ ಪ್ಲಾಸ್ಮಾ) ಎತ್ತಿಟ್ಟು ಕೆಳಗಿನ ಮೂರು ಮೂರೂವರೆ ಎಂಎಲ್‌ನಲ್ಲಿ ಪೆಲೆಟ್ (ತಳದಲ್ಲಿ ಕೂತ ಪ್ಲೇಟ್ಲೆಟ್ ಮುದ್ದೆ) ಕರಗಿಸೋದು. ರಕ್ತದಲ್ಲಿ 2.2 ಲಕ್ಷ ಇದ್ದೋರಿಗೆ ಎಂಟೂವರೆ ಒಂಬತ್ತು ಲಕ್ಷ ಬರತ್ತೆ. ಪಿಆರ್‌ಪಿಲಿ ಇಷ್ಟಿರ್ಲೇಬೇಕು ಅಂತ ಎಲ್ಲರೂ ಜಪ ಮಾಡೋ ಹತ್ತು ಲಕ್ಷದ ನಂಬರ್ ಇದ್ಯಲ್ಲ, ಅದು ಕೂದಲಿಂದ ಬಂದಿದ್ದಲ್ಲ, ಅಮೆರಿಕದ ರಾಬರ್ಟ್ ಮಾರ್ಕ್ಸ್ ಅನ್ನೋ ಬಾಯಿ-ದವಡೆ ಸರ್ಜನ್ 2001ರಲ್ಲಿ ಹೇಳಿದ್ದು, ಅವ್ರ ಕೆಲಸ ದವಡೆ ಮೂಳೆ ಮೇಲೆ. ಅದಕ್ಕೇ ಹತ್ತು ಆಗ್ಲೇಬೇಕು ಅಂತ ನಾನೇನು ತಲೆ ಕೆಡಿಸ್ಕೊಳ್ಳಲ್ಲ, ನಾಲ್ಕು ಪಟ್ಟು ಬಂದ್ರೆ ಡಾಕ್ಟ್ರ ಕೈಗೆ ಕೊಡ್ತೀನಿ, ಮೂರಕ್ಕಿಂತ ಕಮ್ಮಿ ಬಂದ್ರೆ ಹೇಳಿಬಿಡ್ತೀನಿ. ಪೆಲೆಟ್ ಗಂಟಿಲ್ದಂಗೆ ಕರಗಿಸೋ ಒಂದು ಉಪಾಯ ಇದೆ, ಅದೂ ನನ್ನ ಹತ್ರಾನೇ ಇರ್ಲಿ. ಅಲ್ಲಾಡಿಸಿ ಅಲ್ಲಾಡಿಸಿ ನೊರೆ ಬರ್ಸೋದಂತೂ ಅಲ್ಲ.

ಕೌಂಟ್ ಹಾಕೋರು ಒಂದು ನೆನಪಿಟ್ಕೊಳ್ಳಿ, ಪಿಆರ್‌ಪಿನ ನೇರ ಸೆಲ್ ಕೌಂಟರ್‌ಗೆ ಕೊಟ್ರೆ ಅದು ಬಾಯಿಗೆ ಬಂದಂಗೆ ಹೇಳತ್ತೆ. ಸಲೈನ್‌ನಲ್ಲಿ ತೆಳು ಮಾಡಿ ಹಾಕಿ ಗುಣಿಸಿ. ಅನುಮಾನ ಬಂದ್ರೆ ಅಮೋನಿಯಂ ಆಕ್ಸಲೇಟ್ ಹಾಕಿ ನ್ಯೂಬಾರ್ ಚೇಂಬರ್‌ನಲ್ಲಿ (ಚೌಕ ಗೆರೆ ಇರೋ ಗಾಜು) ಮೈಕ್ರೋಸ್ಕೋಪ್ ಕೆಳಗೆ ಕಣ್ಣಲ್ಲೇ ಎಣಿಸಿ, ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಓದೋವಾಗ ಬೈಕೊಂಡು ಕಲ್ತಿದ್ದು ಇಲ್ಲಿ ಕೆಲಸಕ್ಕೆ ಬಂತು.

ಇನ್ನು ನನ್ನ ತಲೆ. ಮೂವತ್ತೆಂಟಕ್ಕೆ ನೆತ್ತಿ ಕಾಣ್ತಿತ್ತು, ಮುಂದೆ ಎರಡೂ ಕಡೆ ಹಿಂದಕ್ಕೆ ಸರಿದಿತ್ತು, ಗಂಡಸರ ಬೋಳು ಅಳೆಯೋ ನಾರ್‌ವುಡ್ ಪಟ್ಟಿಲಿ 3ನೇ ಹಂತ. ಕೂದಲಿಗೆ ಹಚ್ಚೋ ಔಷಧಿ ಮಿನಾಕ್ಸಿಡಿಲ್ 5 ಪರ್ಸೆಂಟ್ ಆಗ್ಲೇ ಹಚ್ತಿದ್ದೆ, ಅದನ್ನ ಬಿಡ್ಲಿಲ್ಲ. ಡಾಕ್ಟ್ರನ್ನ ಒಪ್ಪಿಸಿ ಬಲಗಡೆಗೆ ಪಿಆರ್‌ಪಿ, ಎಡಗಡೆಗೆ ಉಳಿದ ಪಿಪಿಪಿ ಚುಚ್ಚಿಸ್ಕೊಂಡೆ, ತಿಂಗಳಿಗೊಂದ್ ಸಲ. ಲಿಗ್ನೋಕೇನ್ ರಿಂಗ್ ಬ್ಲಾಕ್ (ತಲೆ ಸುತ್ತ ಮರಗಟ್ಟಿಸೋ ಇಂಜೆಕ್ಷನ್) ಕೊಟ್ರೂ ಹಣೆ ಹತ್ರ ಕಣ್ಣಲ್ಲಿ ನೀರು ಬಂತು, ನೋವಾಗಲ್ಲ ಅಂತ ಹೇಳೋರನ್ನ ನಂಬ್ಬೇಡಿ. ಬಲಗಡೆ ಒಂದು ಮಚ್ಚೆ ಪಕ್ಕ ಒಂದು ಚದರ ಸೆಂಟಿಮೀಟರ್ ಗುರುತು ಮಾಡಿ ಡರ್ಮೋಸ್ಕೋಪ್ (ಚರ್ಮ ದೊಡ್ಡದಾಗಿ ತೋರ್ಸೋ ಲೆನ್ಸ್) ಫೋಟೋಲಿ ಕೂದಲು ಎಣಿಸ್ತಿದ್ದೆ, 90 ಚಿಲ್ಲರೆ ಇದ್ದಿದ್ದು ಆರು ತಿಂಗ್ಳಿಗೆ 115ರ ಹತ್ರ ಬಂತು. ಎಡಗಡೆನೂ ಸ್ವಲ್ಪ ಏರ್ತು, ಹತ್ತೋ ಹನ್ನೆರಡೋ. ಅದು ಸೂಜಿ ಚುಚ್ಚಿದ್ದಕ್ಕೋ, ಪಿಪಿಪಿಲಿ ಉಳಿದ ಪ್ಲೇಟ್ಲೆಟ್‌ಗೋ, ಮಿನಾಕ್ಸಿಡಿಲ್‌ಗೋ, ಒಂದೇ ತಲೆ ನೋಡಿ ತೀರ್ಪು ಕೊಡಲ್ಲ ನಾನು. ನಮ್ಮ ಮನೆಯವ್ಳು ಮಾತ್ರ "ಬೈತಲೆ ಎಡಕ್ಕೆ ತೆಗೀಬೇಡ್ರಿ, ಆ ಕಡೆ ತೆಳ್ಳಗಿದೆ" ಅಂದ್ಲು, ಅವಳಿಗೆ ಪ್ರಯೋಗದ ವಿಷಯ ಹೇಳೇ ಇರ್ಲಿಲ್ಲ. ಆಮೇಲೆ ಎಡಕ್ಕೂ ಪಿಆರ್‌ಪಿನೇ ಹಾಕಿಸ್ಕೊಂಡೆ ಬಿಡಿ.

ಮಧ್ಯದಲ್ಲಿ ಬೇರೆ ಆಟಾನೂ ಆಡಿದೀವಿ. ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ ಆಕ್ಟಿವೇಟ್ ಮಾಡಿ ಚುಚ್ಚಿದ್ರೆ ಉರಿ ಜಾಸ್ತಿ ಆಯ್ತೇ ಹೊರತು ಬೇರೇನೂ ಕಾಣ್ಲಿಲ್ಲ, ಕೆಲವು ಸಲ ಸಿರಿಂಜ್‌ನಲ್ಲೇ ಹೆಪ್ಪುಗಟ್ಟಿ ದುಡ್ಡು ಹೋಯ್ತು. ಡರ್ಮಾ ರೋಲರ್ (ಸಣ್ಣ ಸೂಜಿಗಳಿರೋ ರೋಲರ್) ಹಾಕಿ ಮೇಲೆ ಸವರಿದ್ರೆ ಅರ್ಧ ಟವೆಲ್‌ಗೆ. ಪಿಆರ್‌ಎಫ್ (ಫೈಬ್ರಿನ್ ಅನ್ನೋ ಹೆಪ್ಪಿನ ಜಾಲದ ಜೊತೆ ಪ್ಲೇಟ್ಲೆಟ್) ಟ್ರೈ ಮಾಡಿದ್ವಿ, ಅದ್ರಲ್ಲಿ ಹೆಪ್ಪು ತಡಿಯೋದು ಏನೂ ಹಾಕಲ್ಲ, ಹಂಗಾಗಿ ರಕ್ತ ತೆಗೆದ ಕೂಡ್ಲೇ ಓಟ, ಪೇಷಂಟ್ ಬಾತ್ರೂಮ್‌ಗೆ ಹೋಗಿ ಬರೋದ್ರೊಳಗೆ ಗಟ್ಟಿ.

ಪೇಷಂಟ್ ಆರಿಸೋದು ಡಾಕ್ಟ್ರು, ಆದ್ರೆ ರಿಸಲ್ಟ್ ನಿಂತಿರೋದೇ ಅಲ್ಲಿ. ಫಳಫಳ ಹೊಳಿಯೋ ಬೋಳಿಗೆ ಬರಲ್ಲ, ಎಷ್ಟು ಲಕ್ಷ ಪ್ಲೇಟ್ಲೆಟ್ ಸುರಿದ್ರೂ ಬರಲ್ಲ. ತೆಳ್ಳಗಾದ ಕೂದಲು ಇನ್ನೂ ಇದ್ರೆ ಮಾತ್ರ ಅದನ್ನ ದಪ್ಪ ಮಾಡ್ಬೋದು. ಜ್ವರ, ಬಾಣಂತನ, ಕೋವಿಡ್ ಆದ್ಮೇಲೆ ಗೊಂಚಲು ಗೊಂಚಲಾಗಿ ಉದುರೋದು ಬಹಳಷ್ಟು ಜನಕ್ಕೆ ಆರು ತಿಂಗ್ಳಲ್ಲಿ ತಾನೇ ನಿಲ್ಲತ್ತೆ, ಅಂಥವ್ರಿಗೆ ಪಿಆರ್‌ಪಿ ಮಾಡಿ ಹೆಸರು ತಗೊಳ್ಳೋ ಕ್ಲಿನಿಕ್ ಬೇಕಾದಷ್ಟಿವೆ. ನಾವು ಮೊದ್ಲು ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಥೈರಾಯ್ಡ್ ನೋಡ್ತೀವಿ. ಹೆಂಗಸ್ರಲ್ಲಿ ಅರ್ಧಕ್ಕರ್ಧ ಜನ ಅಲ್ಲೇ ಸಿಕ್ಕಿಬೀಳ್ತಾರೆ, ಐರನ್ ಮಾತ್ರೆ ಬರ್ಕೊಟ್ಟು ಕಳ್ಸೋದು, ಡಾಕ್ಟ್ರಿಗೆ ಸೆಷನ್ ದುಡ್ಡು ನಷ್ಟ, ಆದ್ರೆ ಅವ್ರೇ ನಾಲ್ಕು ಜನನ್ನ ಕರ್ಕೊಂಡು ಬರ್ತಾರೆ. ಡೆಂಗ್ಯೂ ಆಗಿ ಸ್ವಲ್ಪ ದಿನ ಆಗಿರೋರು, ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ಬಾಯಿಬಿಟ್ಟು ಹೇಳ್ಬೇಕು. ಹಾರ್ಟ್‌ಗೆ ಆಸ್ಪಿರಿನ್ ತಗೊಳ್ಳೋರು ತಾವೇ ನಿಲ್ಸಿ ಬರೋದು ಬೇಡ, ಕೊಟ್ಟ ಡಾಕ್ಟ್ರನ್ನ ಕೇಳಿ.

ಸೆಷನ್‌ಗೆ ಹಿಂದಿನ ರಾತ್ರಿ ಬಿರಿಯಾನಿ, ಬೆಳಿಗ್ಗೆ ಬೆಣ್ಣೆದೋಸೆ ಬೇಡ. ನಮ್ಮೂರಲ್ಲಿ ಇದನ್ನ ಹೇಳೋದು ಕಷ್ಟ, ಗೊತ್ತು. ಆದ್ರೆ ಹೊರಗಿಂದ ಬಂದವ್ರು ದೋಸೆ ಮುಗಿಸ್ಕೊಂಡೇ ಕ್ಲಿನಿಕ್‌ಗೆ ಬರ್ತಾರೆ, ತಿರುಗ್ಸಿದ್ರೆ ಪ್ಲಾಸ್ಮಾ ಮಜ್ಜಿಗೆ ಬಣ್ಣ, ಪದರಾನೇ ಕಾಣಲ್ಲ. ವಾಪಸ್ ಕಳ್ಸಿದ್ದಕ್ಕೆ ಒಬ್ಬರು ಜಗಳಕ್ಕೇ ನಿಂತ್ರು.

ಫೋಟೋ ನೋಡಿ ಮರುಳಾಗ್ಬೇಡಿ. ಮೊದಲನೇ ಫೋಟೋ ಒದ್ದೆ ತಲೆ, ಮೇಲಿಂದ ಲೈಟ್, ಎರಡನೇದು ಶಾಂಪೂ ಹಾಕಿ ಒಣಗಿಸಿ ಬಾಚಿದ್ದು, ಸೆಷನ್ ಮಾಡ್ದೇನೇ ರಿಸಲ್ಟ್ ತೋರಿಸ್ಬೋದು. ಒಂದೇ ಬಲ್ಬು, ಒಂದೇ ಕುರ್ಚಿ, ಒಂದೇ ಬೈತಲೆ, ಹಂಗೆ ತೆಗ್ದಿದ್ರೆ ಮಾತ್ರ ನಂಬಿ. ಮೂರು ತಿಂಗಳ ಒಳಗೆ ಫೋಟೋ ಕೇಳೋದೂ ಬೇಡ.

ದುಡ್ಡಿನ ಲೆಕ್ಕ: ಲ್ಯಾಮಿನಾರ್, ಯುಪಿಎಸ್, ಚೆಲ್ಲಿದ ಟ್ಯೂಬು ಎಲ್ಲಾ ಸೇರಿ ಅರವತ್ತು ಸಾವಿರ ಹತ್ರ ಹೋಯ್ತು, ಎಸಿ ಬಿಟ್ಟು. ಈಗ ಒಬ್ಬರಿಗೆ ಸಾಮಾನು ಖರ್ಚು ನಾನೂರರ ಒಳಗೆ, ಸೆಷನ್ ಮೂರೂವರೆ ಸಾವಿರ. ಹಾಕಿದ ದುಡ್ಡು ಐದಾರು ತಿಂಗ್ಳಲ್ಲಿ ವಾಪಸ್ ಬಂತು. ಬೆಲೆ ಇಳಿದಿದ್ದಕ್ಕೆ ಜನ ಕೋರ್ಸ್ ಪೂರ್ತಿ ಮುಗಿಸ್ತಿದಾರೆ, ನಮ್ಮ ರಿಸಲ್ಟ್ ಚೆನ್ನಾಗಾಗೋಕೆ ನನ್ನ ಕೌಂಟ್ ಎಷ್ಟು ಕಾರಣವೋ ಇದೂ ಅಷ್ಟೇ ಕಾರಣ ಅಂತೀನಿ. ಆಮೇಲೆ ವರ್ಷಕ್ಕೆ ಎರಡು ಸಲ ಆದ್ರೂ ಮಾಡಿಸ್ತಾ ಇರ್ಬೇಕು, ಮಿನಾಕ್ಸಿಡಿಲ್ಲೂ ನಿಲ್ಲಿಸೋ ಹಂಗಿಲ್ಲ, ಇದನ್ನ ಮೊದಲನೇ ದಿನಾನೇ ಹೇಳ್ದೆ ಪ್ಯಾಕೇಜ್ ಮಾರೋರ ಹತ್ರ ಹೋಗ್ಬೇಡಿ.

ಒಂದು ಹೊತ್ತಿಗೆ ಒಬ್ಬರ ರಕ್ತ ಮಾತ್ರ ಟೇಬಲ್ ಮೇಲೆ, ಇದು ನಮ್ಮಲ್ಲಿ ಕಾನೂನು. ಟ್ಯೂಬ್ ಮೇಲೆ ಹೆಸರು ಪೇಷಂಟ್ ಕೈಲೇ ಬರೆಸ್ತೀನಿ, ಸಿರಿಂಜ್ ತೋರಿಸಿ ಓದಿಸ್ತೀನಿ. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಲೈಸೆನ್ಸ್ ಇಲ್ಲದ ಒಂದು ಸ್ಪಾದಲ್ಲಿ ಇದೇ ಪಿಆರ್‌ಪಿ ಫೇಶಿಯಲ್ ಮಾಡಿಸ್ಕೊಂಡ ಹೆಂಗಸ್ರಿಗೆ ಎಚ್‌ಐವಿ ಬಂತು ಅಂತ ಅಲ್ಲಿನ ಸರ್ಕಾರಿ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರಲ್ಲಿ ವರದಿ ಕೊಟ್ಟಿದೆ. ನೀವು ಮಾಡಿಸ್ಕೊಳ್ಳೋರಾದ್ರೆ ನಾಚ್ಕೊಳ್ದೆ ಕೇಳಿ: ನನ್ನ ಟ್ಯೂಬ್ ಯಾವ್ದು, ಸೂಜಿ ಹೊಸದಾ, ಕೌಂಟ್ ಎಷ್ಟು ಬಂತು, ಚುಚ್ಚೋರು ಡಾಕ್ಟ್ರೇನಾ. ಕೌಂಟ್ ಕೇಳಿದ್ದಕ್ಕೆ ಮುಖ ಗಂಟು ಹಾಕ್ಕೊಂಡ್ರೆ ಎದ್ದು ಬನ್ನಿ. ಲ್ಯಾಬ್‌ನೋರಾದ್ರೆ ಮೊದ್ಲು ಹೋಗಿ ರೋಟರ್ ಅಳೀರಿ.