ಗೊಬ್ಬರದ ಮೀನು ಲೆಕ್ಕಕ್ಕೆ ಬಂದ ಮೇಲೆ ಕೂತ ಮಾಡೆಲ್

ಸಮುದ್ರದಲ್ಲಿ ಯಾರು ಯಾರನ್ನು ಎಷ್ಟು ತಿನ್ನುತ್ತಾರೆ ಎಂದು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವುದು ಇಕೋಪಾತ್ ಮಾಡೆಲ್. ಕರ್ನಾಟಕ ಕರಾವಳಿಗೆ ನಾನು ಕಟ್ಟಿದ ಅಂಥ ಮಾಡೆಲ್ ಮೊದಲ ಸಲ ಓಡಿದಾಗ ಬೂತಾಯಿಯ ಇಇ (ಹುಟ್ಟಿದ್ದರಲ್ಲಿ ತಿನ್ನುವವರಿಗೂ ಬಲೆಗೂ ಹೋಗುವ ಪಾಲು, 1 ದಾಟಬಾರದು) 3.4 ಬಂತು. ಹುಟ್ಟುವುದಕ್ಕಿಂತ ಮೂರು ಪಟ್ಟು ಜಾಸ್ತಿ ಬೂತಾಯಿಯನ್ನು ಯಾರೋ ತಿಂದು ಮುಗಿಸುತ್ತಿದ್ದರು! ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ಯಾವ ಮೀನು ಏನು ತಿನ್ನುತ್ತದೆ ಎನ್ನುವ ಡಯಟ್ ಟೇಬಲ್‌ನಲ್ಲಿ ಅಲ್ಲಿ ಸ್ವಲ್ಪ ಎಳೆದೆ, ಇಲ್ಲಿ ಸ್ವಲ್ಪ ತಳ್ಳಿದೆ. ಇಪ್ಪತ್ತಾರು ಗುಂಪು ಜೀವಿಗಳು, ಲೆಕ್ಕ ತಪ್ಪಿದೆ ಎನ್ನುವ ಕೆಂಪು ಒಂದೂ ಇಲ್ಲ. ಲ್ಯಾಬಲ್ಲಿ ಸಿಹಿ ಕೂಡ ಹಂಚಿದೆ.

ಅದೇ ಲೆಕ್ಕವನ್ನು ವರ್ಷದಿಂದ ವರ್ಷಕ್ಕೆ ಓಡಿಸುವ ಇಕೋಸಿಮ್‌ಗೆ ಹಾಕಿದಾಗ ಮಾನ ಹೋಯಿತು. ನಿಜವಾದ ಇಳುವರಿಯಲ್ಲಿ ಪಾಂಬೊಲ್ (ರಿಬ್ಬನ್ ಮೀನು) ಕೆಳಗೆ ಹೋದ ವರ್ಷ ನನ್ನ ಗೆರೆ ಮೇಲೆ ಹೋಗುತ್ತಿತ್ತು. ಬೇಟೆ ಎಷ್ಟು ಸುಲಭಕ್ಕೆ ಸಿಗುತ್ತದೆ ಎನ್ನುವ ವಲ್ನರಬಿಲಿಟಿ ಅಂಕಿಯನ್ನು 2ರಿಂದ 100ರವರೆಗೆ ಎಳೆದಾಡಿದರೂ ಅದೇ ಕಥೆ. "ಇದು ವಿಡಿಯೋ ಗೇಮ್, ಇದನ್ನು ನೋಡಿ ಯಾರೂ ಬೋಟ್ ಕಟ್ಟಿಹಾಕುವುದಿಲ್ಲ" ಎಂದರು ಒಬ್ಬ ಹಿರಿಯರು, ಅದೂ ಮೀಟಿಂಗ್‌ನಲ್ಲಿ ಎಲ್ಲರೆದುರು.

ನನ್ನ ಡಯಟ್ ಅಂಕಿಗಳೆಲ್ಲ ಬೇರೆ ಸಮುದ್ರದ ಪೇಪರ್‌ಗಳಿಂದ ಎತ್ತಿದ್ದು. ಸರಿ, ಇಲ್ಲಿನ ಮೀನು ಏನು ತಿಂದಿದೆ ಎಂದು ಹೊಟ್ಟೆ ನಾನೇ ಕೊಯ್ದು ನೋಡುತ್ತೇನೆ ಎಂದು ಬೆಳಿಗ್ಗೆ ಐದಕ್ಕೆ ಮಲ್ಪೆಯ ಮೀನು ಧಕ್ಕೆಗೆ ಹೋಗಲು ಶುರು ಮಾಡಿದೆ. ಪ್ರಾಜೆಕ್ಟ್ ದುಡ್ಡು ಆಗಲೇ ಮುಗಿದಿತ್ತು. ಮೀನು, ಐಸು, ಪೆಟ್ರೋಲು, ಫಾರ್ಮಲಿನ್ ಸೇರಿ ಮೊದಲ ಸೀಸನ್‌ಗೇ ಕೈಯಿಂದ ಸುಮಾರು ಐವತ್ತು ಸಾವಿರ ಹೋಯಿತು. ಅಂಜಲ್ ಬೆಲೆ ಗೊತ್ತಲ್ವಾ? ಆಮೇಲೆ ಮೀನು ಮಾರುವ ಒಬ್ಬರು ಅಕ್ಕನ ಜೊತೆ ಒಪ್ಪಂದ ಆಯಿತು: ಮೀನು ಗಿರಾಕಿಗೆ, ಕರುಳು ನನಗೆ. ಅವರು ಕೊಯ್ಯುವ ಮೊದಲು ಉದ್ದ ಅಳೆದುಕೊಳ್ಳುತ್ತಿದ್ದೆ, ಅಷ್ಟೇ. ಎರಡನೇ ಸೀಸನ್ ಇಪ್ಪತ್ತು ಸಾವಿರದೊಳಗೆ ಮುಗಿಯಿತು.

ಮೊದಲ ಇನ್ನೂರು ಹೊಟ್ಟೆ ದಂಡ. ಹತ್ತು ದಿನ ಸಮುದ್ರದಲ್ಲಿದ್ದು ಬಂದ ಟ್ರಾಲ್ ಬೋಟಿನ (ಬಲೆ ಎಳೆದು ಹಿಡಿಯುವುದು) ಮೀನಿನ ಒಳಗೆ ಬರೀ ಗಂಜಿ. ಆಳದಿಂದ ಎಳೆದ ಮದ್ಮಲ್ ಮೀನಿಗೆ ಹೊಟ್ಟೆಯೇ ಬಾಯಿಂದ ಹೊರಗೆ ಬಂದಿರುತ್ತದೆ. ಒಂದು ಪಾಂಬೊಲ್ ಗಂಟಲಲ್ಲಿ ಹೊಚ್ಚ ಹೊಸ ಮೀನು ಸಿಕ್ಕಿ ಖುಷಿಯಿಂದ ಬರೆದುಕೊಂಡರೆ, ಪಕ್ಕದಲ್ಲಿದ್ದ ತಾಂಡೇಲರು (ಬೋಟ್ ನಡೆಸುವವರು) "ಅದು ಬಲೆಯೊಳಗೆ ನುಂಗಿದ್ದು ಮಾರಾಯ್ರೆ" ಎಂದು ನಕ್ಕರು. ಬೊಂಡಾಸದ (ಸ್ಕ್ವಿಡ್) ಕೊಕ್ಕು ಬೇಗ ಕರಗುವುದಿಲ್ಲ, ಹೊಟ್ಟೆಯಲ್ಲಿ ಗುಡ್ಡೆ ಬೀಳುತ್ತದೆ. ಅದನ್ನು ಹಾಗೇ ಎಣಿಸಿದ್ದಕ್ಕೆ ಮೂರು ತಿಂಗಳು ನನ್ನ ಮಾಡೆಲ್‌ನಲ್ಲಿ ಎಲ್ಲರೂ ಬೊಂಡಾಸವನ್ನೇ ತಿನ್ನುತ್ತಿದ್ದರು. ಕೊನೆಗೆ ಒಂದೇ ದಿನದಲ್ಲಿ ಹೋಗಿ ಬರುವ ಬೋಟಿನ ಮೀನು ಮಾತ್ರ ತೆಗೆದುಕೊಂಡೆ, ಗಂಟಲಲ್ಲಿ ಇದ್ದದ್ದನ್ನು ಬಿಟ್ಟೆ.

ಆದರೆ ಮಾಡೆಲ್ ನಿಜವಾದ ಇಳುವರಿಗೆ ಸರಿಯಾಗಿ ಕೂತದ್ದು ಹೊಟ್ಟೆಯಿಂದಲ್ಲ. ಅಕ್ಕನಿಗೆ ಕಾಯುತ್ತಾ ಸುಮ್ನೆ ನಿಂತಿದ್ದಾಗ ಗೊಬ್ಬರದ ಮೀನು (ಊಟಕ್ಕೆ ಮಾರದ ಸಣ್ಣ ಮೀನು) ತುಂಬುವ ಟೆಂಪೋ ಕಣ್ಣಿಗೆ ಬಿತ್ತು. ಐಸಿಲ್ಲ, ಬುಟ್ಟಿಯಿಲ್ಲ, ಸಲಿಕೆಯಲ್ಲಿ ಎತ್ತಿ ಹಾಕುತ್ತಿದ್ದರು, ನೇರ ಫಿಶ್‌ಮೀಲ್ (ಮೀನಿನ ಹಿಟ್ಟು) ಕಾರ್ಖಾನೆಗೆ. ಕೆದಕಿ ನೋಡಿದರೆ ಗೇಣುದ್ದದ ಪಾಂಬೊಲ್ ಮರಿ, ಬೆರಳುದ್ದದ ಮದ್ಮಲ್ ಮರಿ. ನನ್ನ ಶೀಟ್‌ನಲ್ಲಿ ಇದೆಲ್ಲ 'ಇತರೆ' ಎಂಬ ಒಂದೇ ಸಾಲು! ಪಾಂಬೊಲ್ ತನ್ನ ಮರಿಯನ್ನೇ ತಿನ್ನುವ ಜಾತಿ, ಹಾಗಾಗಿ ಮರಿ ಸತ್ತದ್ದನ್ನೆಲ್ಲ ನಾನು ಅಪ್ಪ ಅಮ್ಮನ ತಲೆಗೇ ಕಟ್ಟಿದ್ದೆ.

ಪಾಂಬೊಲ್, ಮದ್ಮಲ್ ಎರಡನ್ನೂ ಮರಿ, ದೊಡ್ಡದು ಎಂದು ವಯಸ್ಸಿನ ಎರಡು ಭಾಗ, ಅಂದರೆ ಸ್ಟಾಂಜಾ, ಮಾಡಿದೆ. 'ಇತರೆ' ಸಾಲನ್ನು ಬಿಡಿಸಿ ಮರಿಗಳ ಪಾಲನ್ನು ಟ್ರಾಲ್ ಖಾತೆಗೆ ಹಾಕಿದೆ. ಒಂದು ರಾಶಿಯಿಂದ ಟೆಂಪೋ, ಟೆಂಪೋದಿಂದ ವರ್ಷದ ಲೆಕ್ಕಕ್ಕೆ ಹೇಗೆ ಹೋದೆ ಎಂದು ಈಗ ಹೇಳುವುದಿಲ್ಲ, ಪೇಪರ್ ಬರಲಿ. ಡ್ರೈವರ್‌ಗಳ ಜೊತೆ ಚಹಾ ಕುಡಿಯಿರಿ, ಇಷ್ಟು ಸಾಕು. ಎಸ್‌ಎಸ್ (ನನ್ನ ಗೆರೆ ನಿಜದಿಂದ ಎಷ್ಟು ದೂರ ಎನ್ನುವ ಅಳತೆ) 90ರ ಆಸುಪಾಸು ಇದ್ದದ್ದು 30ಕ್ಕೆ ಇಳಿಯಿತು. ವಿಡಿಯೋ ಗೇಮ್ ಎಂದವರು ಕಳೆದ ತಿಂಗಳು ಫೈಲ್ ಕೇಳಿದರು. ಕೊಟ್ಟೆ, ಡಯಟ್ ಟೇಬಲ್ ತೆಗೆದು.

ಬೂತಾಯಿ ಮಾತ್ರ ಮಣಿಯಲಿಲ್ಲ. ಕೇರಳದಲ್ಲೇ 2012ರಲ್ಲಿ 4 ಲಕ್ಷ ಟನ್ ಹತ್ತಿರ ಇದ್ದದ್ದು 2016ಕ್ಕೆ 50 ಸಾವಿರದ ಕೆಳಗೆ ಬಿದ್ದ ಮೀನು ಅದು. ಬರೀ ಬಲೆಯ ಲೆಕ್ಕ ಹಾಕಿದರೆ ಅಂಥ ಕುಸಿತ ಬರುವುದೇ ಇಲ್ಲ. ಸ್ಯಾಟಲೈಟ್ ಕ್ಲೋರೋಫಿಲ್ (ಸಮುದ್ರದಲ್ಲಿ ತೇಲುವ ಪಾಚಿಯ ಅಂದಾಜು) ಕೊಟ್ಟ ಮೇಲೆ ಗೆರೆ ಸ್ವಲ್ಪ ಬಾಗಿದೆ, ತೃಪ್ತಿಯಿಲ್ಲ.

ಮಳೆಗಾಲದ 61 ದಿನದ ಮೀನುಗಾರಿಕೆ ನಿಷೇಧವನ್ನು 90 ದಿನ ಮಾಡಿದರೆ ಏನಾಗುತ್ತದೆ ಎಂದೂ ಓಡಿಸಿದೆ. ನನ್ನ ಮಾಡೆಲ್‌ನಲ್ಲಿ ಅದಕ್ಕಿಂತ ಬಲೆಯ ತುದಿಗೆ 35 ಮಿಮೀ ಚೌಕ ಕಣ್ಣು ಹಾಕಿದ್ದೇ ಪಾಂಬೊಲ್‌ಗೆ ಜಾಸ್ತಿ ಲಾಭ ಕೊಟ್ಟಿತು, ಆದರೆ ಮೊದಲೆರಡು ವರ್ಷ ನಷ್ಟ. ಒಬ್ಬ ಬೋಟ್ ಮಾಲೀಕರಿಗೆ ತೋರಿಸಿದೆ. "ಆ ಎರಡು ವರ್ಷದ ಡೀಸೆಲ್ ದುಡ್ಡು ನಿಮ್ಮ ಕಂಪ್ಯೂಟರ್ ಕೊಡುತ್ತದಾ?" ಎಂದರು. ಉತ್ತರ ಇರಲಿಲ್ಲ. ಈಗ ಡೀಸೆಲ್ ಖರ್ಚನ್ನೂ ಬೋಟುಗಳ ಲೆಕ್ಕದ ಫ್ಲೀಟ್ ಶೀಟಿಗೆ ಸೇರಿಸುತ್ತಿದ್ದೇನೆ.

ನಡುವೆ ಕಾರ್ಗಿಲ್ ಮೀನಿನ ಹುಚ್ಚು ಹಿಡಿದಿದೆ. ಅದೇ, ಕೆಂಪು ಹಲ್ಲಿನದ್ದು, ರಾಶಿ ರಾಶಿ ಬಂದು ಫಿಶ್‌ಮೀಲ್‌ಗೆ ಹೋಗುತ್ತದಲ್ಲ. ಅದಕ್ಕೊಂದು ಬೇರೆ ಗುಂಪು ಬೇಕು ಅನಿಸುತ್ತಿದೆ. ಚರ್ಮ ಎಷ್ಟು ಗಟ್ಟಿ ಎಂದರೆ ಎರಡು ಮೀನಿಗೊಂದು ಬ್ಲೇಡು ಹೋಗುತ್ತದೆ. ಎಂಬತ್ತು ಹೊಟ್ಟೆ ಆಗಿದೆ. ಆಗಸ್ಟ್‌ನಲ್ಲಿ ಬೋಟ್ ಕಡಲಿಗೆ ಇಳಿದ ಮೇಲೆ ಉಳಿದದ್ದು.