ಪೆನ್ನು ಹಿಡಿದರೆ ಸೆಳೆಯುವ ಕೈಗೆ ಮೂಗಿನಿಂದ ಮದ್ದು

ರೈಟರ್ಸ್ ಕ್ರ್ಯಾಂಪ್‌ಗೆ (ಬರೆಯುವಾಗ ಮಾತ್ರ ಕೈ ಸೆಳೆಯುವ ರೋಗ) ಆಯುರ್ವೇದದ ನಸ್ಯ, ಅಂದರೆ ಮೂಗಿಗೆ ಔಷಧದ ಎಣ್ಣೆ ಹನಿಸುವ ಚಿಕಿತ್ಸೆ, ಮಾಡುತ್ತೇನೆ ಎಂದಾಗ ನಮ್ಮ ಕಡೆಯ ವೈದ್ಯಮಿತ್ರರು ಯಾರೂ ಒಪ್ಪಲಿಲ್ಲ. "ಅಪಬಾಹುಕಕ್ಕಾದರೆ (ಭುಜ ಬಿಗಿದು ತೋಳು ಎತ್ತಲಾಗದ ರೋಗ) ಸರಿ ಮಾರಾಯಾ, ಬೆರಳು ಸೆಳೆದರೆ ಮೂಗಿಗೆ ಎಣ್ಣೆಯಾ?" ಎಂದರು. ಈಗ ಆ ರೋಗಿ ಒಂದು ಪುಟ ನಿಲ್ಲಿಸದೆ ಬರೆಯುತ್ತಾರೆ.

ಅವರು ತಾಲ್ಲೂಕು ಕಚೇರಿ ಎದುರು ಅರ್ಜಿ ಬರೆದು ಬದುಕುವವರು. ಊಟ ಮಾಡಲು, ಗುಂಡಿ ಹಾಕಲು ಕೈ ಸರಿಯಾಗಿತ್ತು. ಪೆನ್ನು ಹಿಡಿದರೆ ಎರಡೇ ಸಾಲಿಗೆ ಹೆಬ್ಬೆರಳು ಮಡಚಿ ಮಣಿಕಟ್ಟು ತಿರುಚಿಕೊಳ್ಳುತ್ತಿತ್ತು. ನರರೋಗ ತಜ್ಞರು ಫೋಕಲ್ ಡಿಸ್ಟೋನಿಯಾ (ಮಿದುಳಿನ ಹತೋಟಿ ತಪ್ಪಿ ದೇಹದ ಒಂದೇ ಭಾಗದ ಸ್ನಾಯು ಸೆಳೆಯುವುದು) ಎಂದು ಖಚಿತ ಮಾಡಿ ಸ್ನಾಯು ಸಡಿಲಿಸುವ ಬೊಟಾಕ್ಸ್ ಚುಚ್ಚುಮದ್ದು ಕೊಟ್ಟಿದ್ದರು. ಸೆಳೆತ ಇಳಿದಿತ್ತು, ಮೂರು ತಿಂಗಳಿಗೆ ಮತ್ತೆ ಅದೇ ಪಾಡು. ಪ್ರತಿ ಸಲ 15 ಸಾವಿರದ ಹತ್ತಿರ. ಅರ್ಜಿಗೆ 50 ರೂಪಾಯಿ ದುಡಿಯುವವರು ಎಲ್ಲಿಂದ ತರಬೇಕು?

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಮಹಾಮಾಷ ತೈಲದ ಅಭ್ಯಂಗ (ಎಣ್ಣೆ ತಿಕ್ಕುವುದು), ಮುಂಗೈಗೆ ನವರಕಿಳಿ, ಅಂದರೆ ಹಾಲು, ಕಷಾಯದಲ್ಲಿ ಬೇಯಿಸಿದ ನವರ ಅಕ್ಕಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಬಿಸಿಯಾಗಿ ಉಜ್ಜುವುದು. ಕೈ ಮೆತ್ತಗಾಯಿತು, ಬರಹ ಸುಧಾರಿಸಲಿಲ್ಲ. ನವರ ಅಕ್ಕಿ ಕೆಜಿಗೆ 200ರ ಮೇಲೆ. ಹಾಲು, ಕಷಾಯಕ್ಕೆ ಬಲಾಮೂಲ ಎಂಬ ಬೇರು, ಎಣ್ಣೆ, ಸಹಾಯಕರ ಕೂಲಿ ಸೇರಿ 8 ಸಾವಿರ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ದುಡ್ಡು ಉಳಿಸೋಣ ಎಂದು ನಮ್ಮ ಕೆಂಪಕ್ಕಿಯಲ್ಲೂ ಕಿಳಿ ಕಟ್ಟಿ ನೋಡಿದೆ. ಅಂಟು ಸಾಲದು. ಸ್ವಲ್ಪ ಉದ್ದಿನ ಹಿಟ್ಟು ಬೆರೆಸಿದರೆ ನಿಲ್ಲುತ್ತದೆ. ಮಂಡಿನೋವಿನವರಿಗೆ ಈಗಲೂ ಅದೇ.

ಕೈ ತೊಂದರೆ ಅಂದಕೂಡಲೇ ನಸುಗುನ್ನಿ ಬೀಜ ಕೊಡುವ ರೂಢಿ ನಮ್ಮಲ್ಲಿದೆ. ಅದರಲ್ಲಿ ಎಲ್-ಡೋಪಾ (ಪಾರ್ಕಿನ್ಸನ್ ಮಾತ್ರೆಯಲ್ಲೂ ಇರುವ ಔಷಧ) ಇರುವುದು 1937ರಲ್ಲೇ ಗೊತ್ತಾಗಿದೆ. ಕಂಪವಾತದ (ಪಾರ್ಕಿನ್ಸನ್) ಲೆಕ್ಕ ಬೇರೆ. ಇವರಿಗೆ ಹಾಲಲ್ಲಿ ಬೇಯಿಸಿ ಸಿಪ್ಪೆ ತೆಗೆದು ಕೊಟ್ಟರೂ ವಾಕರಿಕೆ ಬಿಟ್ಟರೆ ಏನೂ ಬರಲಿಲ್ಲ. ಪಾರ್ಕಿನ್ಸನ್ ಮಾತ್ರೆ ತಿನ್ನುತ್ತಿರುವವರಿಗಂತೂ ಅವರ ತಜ್ಞರನ್ನು ಕೇಳದೆ ಕೊಡಲೇಬೇಡಿ, ಡೋಸ್ ಮೇಲೆ ಡೋಸ್ ಬೀಳುತ್ತದೆ.

ಬೇರೆಲ್ಲ ಕೆಲಸಕ್ಕೆ ಕೈ ಸರಿಯಿದೆ ಅಂದಮೇಲೆ ಕೆಟ್ಟಿರುವುದು ಕೈ ಅಲ್ಲ, ಅದನ್ನು ನಡೆಸುವ ತಲೆ, ಅಲ್ವಾ? ತಲೆಗೆ ಮೂಗೇ ಬಾಗಿಲು ಎನ್ನುತ್ತದೆ ಆಯುರ್ವೇದ, ಹಾಗಾಗಿ ನಸ್ಯ. ಕಾರ್ಪಾಸಾಸ್ಥ್ಯಾದಿ ತೈಲ ಹಾಕಿದಾಗ ಮೂಗು ಉರಿಯಿತು. ಕ್ಷೀರಬಲಾ 101 (ನೂರೊಂದು ಸಲ ಕಾಯಿಸಿ ಮಾಡುವ ತೈಲ) ಒಗ್ಗಿತು. ಒಂದೊಂದು ಹೊಳ್ಳೆಗೆ 6 ಹನಿ, 7 ದಿನ, ಆಮೇಲೆ ಬಿಡುವು, ಮತ್ತೆ ಶುರು. ಕಿಳಿ ಈ ಸಲ ಕುತ್ತಿಗೆಯಿಂದ ಬೆರಳ ತುದಿವರೆಗೆ. ಬಿಡುವಿನ ದಿನಗಳಲ್ಲಿ ಊಟದ ನಂತರ ಕೊಡುವ ತುಪ್ಪ ಯಾವುದು ಅನ್ನುವುದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ. ಮಲೆನಾಡಿನ ಮಳೆ, ಮೋಡ ಕವಿದ ದಿನ ನಸ್ಯ ಮಾಡುವಂತಿಲ್ಲ. ಅದಕ್ಕೇ ಚಿಕಿತ್ಸೆ ಜಾಸ್ತಿ ಎಳೆಯಿತು.

ಜೊತೆಗೆ ಬರೆಸಿದೆ. ಪೆನ್ನು ಮುಟ್ಟಲು ಬಿಡಲಿಲ್ಲ. ಗೋಡೆಯ ಕಪ್ಪುಹಲಗೆ ಮುಂದೆ ನಿಂತು ಸೀಮೆಸುಣ್ಣದಲ್ಲಿ ದೊಡ್ಡ ಅಕ್ಷರ, ಭುಜದಿಂದ ತೋಳು ಆಡಿಸಿ. ನಂತರ ಬಟ್ಟೆ ಸುತ್ತಿ ದಪ್ಪ ಮಾಡಿದ ಪೆನ್ಸಿಲ್. ಇದು ಫಿಸಿಯೋಥೆರಪಿಯವರ ದಾರಿ. ನಸ್ಯಕ್ಕೆ ಜೋಡಿಸಿದ್ದು ನಾನು. ಸುಮ್ನೆ ಬರೆಸಿದಾಗಲೂ, ಬರೀ ನಸ್ಯ ಮಾಡಿದಾಗಲೂ ಇಷ್ಟು ಫಲ ಬಂದಿರಲಿಲ್ಲ.

ಸೆಳೆತ ಪೂರ್ತಿ ಹೋಗಿಲ್ಲ. ಅವಸರದಲ್ಲಿ ಬರೆದರೆ ಹೆಬ್ಬೆರಳು ಈಗಲೂ ಬಿಗಿಯುತ್ತದೆ. ಆದರೆ ಬೊಟಾಕ್ಸ್ ಇಲ್ಲದೆ ವರ್ಷ ದಾಟಿತು. ಈ ಎರಡನೇ ಸುತ್ತಿನ ಖರ್ಚು 12 ಸಾವಿರದೊಳಗೆ. ಒಪ್ಪದಿದ್ದ ಮಿತ್ರರೊಬ್ಬರು ಈಗ ತಮ್ಮ ಮೃದಂಗ ವಾದಕ ರೋಗಿಯನ್ನು ನನ್ನ ಬಳಿ ಕಳಿಸಿದ್ದಾರೆ. ನಸ್ಯ ಅದೇ. ಅವರಿಗೆ ಸೀಮೆಸುಣ್ಣದ ಬದಲು ದಿಂಬಿನ ಮೇಲೆ ನಿಧಾನವಾಗಿ ಪಾಠ ನುಡಿಸುತ್ತಿದ್ದೇನೆ.